ಗೀಸರ್ ನಿಧಾನ, ಆದರೆ ತಪ್ಪು ಕಾಯಿಲ್‌ದಲ್ಲ: ವೋಲ್ಟ್, ಆಂಪ್ ಲೆಕ್ಕ ಹಾಕಿ ದೋಷ ಹಿಡಿದ ಬಗೆ

ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ನಮ್ಮ ಚಿಕ್ಕಪ್ಪನ ಮನೆ. ಹಿತ್ತಲಲ್ಲಿ ಹೊಸ ಬಚ್ಚಲುಮನೆ ಕಟ್ಟಿಸಿದಾಗ ಒಳಗಿದ್ದ ಗೀಸರನ್ನು ಅಲ್ಲಿಗೆ ಸಾಗಿಸಿದರು. 25 ಲೀಟರಿನದು, 2000 ವ್ಯಾಟ್. ಹಳೇ ಜಾಗದಲ್ಲಿ ಅರ್ಧ ಗಂಟೆ ಚಿಲ್ಲರೆಯಲ್ಲಿ ನೀರು ಕಾಯುತ್ತಿತ್ತು. ಹೊಸ ಜಾಗಕ್ಕೆ ಹೋದಮೇಲೆ ನಿಧಾನ. ಒಂದು ಮಳೆಗಾಲ ಕಳೆಯುವ ಹೊತ್ತಿಗೆ ಇನ್ನೂ ನಿಧಾನ, 40 ನಿಮಿಷ ದಾಟುತ್ತಿತ್ತು. "ಹಂಡೆ ಕೀಳಿಸಬೇಡಿ ಅಂತ ಬಡ್ಕೊಂಡೆ, ಯಾರು ಕೇಳ್ತಾರೆ" ಅಂತ ಚಿಕ್ಕಮ್ಮ ದಿನಾ ಬೆಳಿಗ್ಗೆ ಒಂದು ಸಲ ಹೇಳುವುದು ರೂಢಿಯಾಗಿತ್ತು.

ಪೇಟೆಯಿಂದ ಬಂದ ಮೆಕ್ಯಾನಿಕ್ "ಕಾಯಿಲ್ ವೀಕ್ ಆಗಿದೆ" ಅಂದರು. ಹೊಸ ಕಾಯಿಲ್ ಹಾಕಿದರು. ಏನೂ ಬದಲಾಗಲಿಲ್ಲ. ನೀರು ಕಾದಾಗ ಕಾಯಿಲನ್ನು ಆಫ್ ಮಾಡುವ ಥರ್ಮೋಸ್ಟಾಟ್ ಬದಲಾಯಿಸಿದರು. ಆಗಲೂ ಅಷ್ಟೇ. ಕೊನೆಗೆ "ವೋಲ್ಟೇಜ್ ಕಮ್ಮಿ, ಒಂದು ಸ್ಟೆಬಿಲೈಸರ್ ಹಾಕ್ಸಿ" ಅಂತ ಹೇಳಿ ಹೋದರು.

ನಾನು ಹೋದವನು ವೋಲ್ಟ್, ಆಂಪ್, ಓಮ್ ಮೂರನ್ನೂ ಅಳೆಯುವ ಮಲ್ಟಿಮೀಟರ್ ತೆಗೆದು ಬಚ್ಚಲುಮನೆ ಸಾಕೆಟ್‌ಗೆ ಚುಚ್ಚಿದೆ. 224 ವೋಲ್ಟ್ ತೋರಿಸಿತು. "ವೋಲ್ಟೇಜ್ ಸರಿಯಾಗೇ ಇದೆಯಲ್ಲ ಚಿಕ್ಕಪ್ಪ, ಗೀಸರೇ ಕೆಟ್ಟಿರಬೇಕು" ಅಂದುಬಿಟ್ಟೆ. ಅಂದರೆ ನಾನೂ ಮೆಕ್ಯಾನಿಕ್‌ನಷ್ಟೇ ತಪ್ಪು ಹೇಳಿದೆ. ಯಾಕೆ ತಪ್ಪು ಅನ್ನುವುದು ಮುಂದೆ ಗೊತ್ತಾಗುತ್ತದೆ. ನಿಮ್ಮ ಮನೆಯ ಗೀಸರ್, ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ರಾಡ್ ಹೀಗೆ ಸೋಮಾರಿಯಾದರೆ ಇದೇ ದಾರಿಯಲ್ಲಿ ಹುಡುಕಬಹುದು.

ಲೆಕ್ಕ ಇಷ್ಟೇ

ಮೊದಲು ಒಂದು ಮಾತಿನ ತೊಡಕು ಬಿಡಿಸಿಕೊಳ್ಳೋಣ. ನಾವು "ಕರೆಂಟ್ ಬಂತು, ಕರೆಂಟ್ ಹೋಯ್ತು" ಅನ್ನುತ್ತೇವಲ್ಲ, ಅಲ್ಲಿ ಬರುವುದು, ಹೋಗುವುದು ವೋಲ್ಟೇಜ್. ಸಾಕೆಟ್‌ನಲ್ಲಿ ವೋಲ್ಟೇಜ್ ಸುಮ್ನೆ ನಿಂತಿರುತ್ತದೆ. ಏನಾದರೂ ಸಿಕ್ಕಿಸಿ ಸ್ವಿಚ್ ಹಾಕಿದಾಗ ಮಾತ್ರ ನಿಜವಾದ ಕರೆಂಟ್ ಹರಿಯುತ್ತದೆ. ಗೊಂದಲ ಬೇಡ ಅಂತ ಇಲ್ಲಿ ಅದನ್ನು ಆಂಪ್ ಅಂತಲೇ ಕರೆಯುತ್ತೇನೆ.

ವೋಲ್ಟನ್ನು ಆಂಪ್‌ನಿಂದ ಭಾಗಿಸಿದರೆ ಓಮ್, ಅಂದರೆ ತಡೆ. ವೋಲ್ಟನ್ನು ಆಂಪ್‌ನಿಂದ ಗುಣಿಸಿದರೆ ವ್ಯಾಟ್, ಅಂದರೆ ಪವರ್, ಒಂದು ಸೆಕೆಂಡಿಗೆ ಖರ್ಚಾಗುವ ಶಕ್ತಿ. ಇವೆರಡನ್ನು ಬೆಸೆದರೆ ಮತ್ತೆರಡು ಸಿಗುತ್ತವೆ. ವೋಲ್ಟನ್ನು ವೋಲ್ಟ್‌ನಿಂದಲೇ ಗುಣಿಸಿ ಓಮ್‌ನಿಂದ ಭಾಗಿಸಿದರೂ ವ್ಯಾಟ್ ಬರುತ್ತದೆ. ಆಂಪನ್ನು ಆಂಪ್‌ನಿಂದಲೇ ಗುಣಿಸಿ ಓಮ್‌ನಿಂದ ಗುಣಿಸಿದರೂ ವ್ಯಾಟ್ ಬರುತ್ತದೆ. ದೋಷ ಹುಡುಕುವವನಿಗೆ ಈ ಕೊನೆಯ ಎರಡರಿಂದಲೇ ಜಾಸ್ತಿ ಉಪಯೋಗ.

ನಮ್ಮ ಗೀಸರ್ ಮೈಮೇಲೆ 230 ವೋಲ್ಟ್, 2000 ವ್ಯಾಟ್ ಅಂತ ಬರೆದಿದೆ. 2000ವನ್ನು 230ರಿಂದ ಭಾಗಿಸಿದರೆ 8.7 ಆಂಪ್. 230ನ್ನು 8.7ರಿಂದ ಭಾಗಿಸಿದರೆ 26.4 ಓಮ್. ಕಾಯಿಲ್ ಆರೋಗ್ಯವಾಗಿದ್ದರೆ ಮೀಟರ್ ಇದರ ಆಸುಪಾಸು ತೋರಿಸಬೇಕು. ಮಲ್ಟಿಮೀಟರ್ ಮುಟ್ಟುವ ಮೊದಲು ಈ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಎಷ್ಟು ಬರಬೇಕು ಅಂತ ಗೊತ್ತಿಲ್ಲದೆ ಅಳೆದರೆ ಬಂದದ್ದೆಲ್ಲ ಸರಿಯಂತೆಯೇ ಕಾಣುತ್ತದೆ.

ಕೈ ಹಾಕುವ ಮೊದಲು

ಓಮ್ ಅಳೆಯುವಾಗ ಎಂಸಿಬಿ (ಆಂಪ್ ಮಿತಿ ಮೀರಿದರೆ ತಾನೇ ಬೀಳುವ ಬೋರ್ಡಿನ ಸ್ವಿಚ್) ಇಳಿಸಿರಬೇಕು, ಪ್ಲಗ್ ಕಿತ್ತಿರಬೇಕು. ಸ್ವಿಚ್ ಆಫ್ ಮಾಡಿದ್ದೇನೆ ಅನ್ನುವುದು ಸಾಲದು. ಕೆಲವು ಮನೆಗಳಲ್ಲಿ ಸ್ವಿಚ್ಚನ್ನು ವೋಲ್ಟ್ ಹೊತ್ತು ಬರುವ ಫೇಸ್ ವೈರಿನ ಬದಲು ವಾಪಸ್ ದಾರಿಯಾದ ನ್ಯೂಟ್ರಲ್‌ಗೆ ಹಾಕಿರುತ್ತಾರೆ, ಆಗ ಸ್ವಿಚ್ ಆಫ್ ಇದ್ದರೂ ಫೇಸ್ ಒಳಗೇ ಕೂತಿರುತ್ತದೆ.

ಮಲ್ಟಿಮೀಟರ್‌ನಲ್ಲಿ ಆಂಪ್ ಅಳೆಯಲು ಬೇರೆಯೇ ತೂತು ಇರುತ್ತದೆ. ಕೆಂಪು ವೈರ್ ಅಲ್ಲಿದ್ದಾಗ ಮರೆತು ಸಾಕೆಟ್‌ಗೆ ಚುಚ್ಚಿದರೆ ಅದು ನೇರ ಶಾರ್ಟ್. ಮೀಟರ್ ಕೈಯಲ್ಲೇ ಸಿಡಿಯಬಹುದು. ಮನೆ ಲೈನಿನಲ್ಲಿ ಆಂಪ್ ಅಳೆಯಲು ಕ್ಲಾಂಪ್ ಮೀಟರ್ ಬಳಸಿ, ಅದು ವೈರನ್ನು ಹೊರಗಿಂದ ತಬ್ಬಿ ಓದುತ್ತದೆ. ಒಂದೇ ವೈರನ್ನು ತಬ್ಬಿಸಬೇಕು. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದರೆ ಒಂದರಲ್ಲಿ ಹೋಗುವುದು ಇನ್ನೊಂದರಲ್ಲಿ ವಾಪಸ್ ಬರುವುದರಿಂದ ಸೊನ್ನೆ ತೋರಿಸುತ್ತದೆ. ಈ ತಪ್ಪು ಮಾಡದೆ ಕ್ಲಾಂಪ್ ಮೀಟರ್ ಕಲಿತವರನ್ನು ನಾನಂತೂ ನೋಡಿಲ್ಲ.

ಲೈವ್ ಲೈನಿನಲ್ಲಿ ಅಳೆದು ಅಭ್ಯಾಸವಿಲ್ಲದಿದ್ದರೆ ಲೆಕ್ಕ ನೀವು ಮಾಡಿ, ಮೀಟರ್ ಹಿಡಿಯುವ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ಬಿಡಿ. ಬಚ್ಚಲುಮನೆಯ ಒದ್ದೆ ನೆಲದ ಮೇಲೆ ಧೈರ್ಯ ತೋರಿಸುವುದು ಬೇಡ.

ಮೊದಲು ಕಾಯಿಲ್

ಎಂಸಿಬಿ ಇಳಿಸಿ, ಪ್ಲಗ್ ಕಿತ್ತು, ಗೀಸರಿನ ಕೆಳಗಿನ ಮುಚ್ಚಳ ಬಿಚ್ಚಿದೆವು. ಕಾಯಿಲ್‌ನ ಎರಡು ಪಿನ್‌ಗಳಿಂದ ವೈರ್ ಬಿಡಿಸಿ ಓಮ್ ಅಳೆದೆ. 26.6 ಬಂತು. ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿದಾಗಲೇ 0.3 ತೋರಿಸುತ್ತಿತ್ತು, ಅದು ಕಡ್ಡಿಯ ವೈರಿನದೇ ತಡೆ. ಕಳೆದರೆ 26.3 ಓಮ್. ಚೀಟಿಯಲ್ಲಿದ್ದದ್ದು 26.4. ಒಂದು ಪಿನ್‌ನಿಂದ ಗೀಸರಿನ ಮೈಗೆ ಅಳೆದಾಗ ತಡೆ ಅಳತೆಗೇ ಸಿಗದಷ್ಟು ಜಾಸ್ತಿ ಇತ್ತು. ಅಂದರೆ ಮಲ್ಟಿಮೀಟರಿಗೆ ಕಾಣುವಂಥ ಲೀಕ್ ಇಲ್ಲ. ಪೂರ್ತಿ ಖಾತ್ರಿ ಬೇಕಾದರೆ ಜಾಸ್ತಿ ವೋಲ್ಟ್ ಕೊಟ್ಟು ಲೀಕ್ ಅಳೆಯುವ ಮೆಗ್ಗರ್ ಬೇಕು.

ಇದು ಹೊಸ ಕಾಯಿಲ್, ಸರಿಯಾಗಿರುವುದು ಆಶ್ಚರ್ಯವಲ್ಲ. ಆದರೆ ಚಿಕ್ಕಪ್ಪ ಹಳೆಯದನ್ನು ಎಸೆದಿರಲಿಲ್ಲ. ಅದನ್ನೂ ಅಳೆದೆವು. ಅದೂ 26 ಚಿಲ್ಲರೆ! ಸುಣ್ಣ ಕಟ್ಟಿತ್ತು, ನೋಡಲು ಅಸಹ್ಯ. ಆದರೆ ಸುಣ್ಣ ಕಟ್ಟಿದ ಮಾತ್ರಕ್ಕೆ ಓಮ್ ಬದಲಾಗದು, ವ್ಯಾಟೂ ಕಮ್ಮಿಯಾಗದು. ಕಾಯಿಲ್ ಒಳಗೊಳಗೇ ಜಾಸ್ತಿ ಬಿಸಿಯಾಗಿ ಬೇಗ ಸಾಯುತ್ತದೆ, ಅಷ್ಟೇ. ಕಾಯಿಲ್ "ವೀಕ್" ಆಗುವುದು ನಾನು ಕಂಡಂತೆ ತೀರಾ ಅಪರೂಪ. ಅದು ತುಂಡಾಗುತ್ತದೆ, ಇಲ್ಲವೇ ಮೈಗೆ ಲೀಕ್ ಆಗುತ್ತದೆ. ಎರಡು ಕಾಯಿಲ್ ಇರುವ ಗೀಸರಿನಲ್ಲಿ ಒಂದು ತುಂಡಾದರೆ ಮಾತ್ರ ಓಮ್ ಡಬಲ್ ಆಗಿ ಬಿಸಿ ಅರ್ಧವಾಗುತ್ತದೆ.

ಲೋಡ್ ಹಾಕಿ ಅಳೆದಾಗ

ಲೋಡ್ ಅಂದರೆ ಆಂಪ್ ಎಳೆಯುವ ಸಾಮಾನು, ನಮ್ಮಲ್ಲಿ ಗೀಸರ್. ಇಲ್ಲಿ ನನ್ನ ಮೊದಲ ತಪ್ಪು ಬಯಲಾಯಿತು. ಮಲ್ಟಿಮೀಟರ್ ತಾನು ಎಳೆದುಕೊಳ್ಳುವ ಆಂಪ್ ಇಲ್ಲವೆನ್ನುವಷ್ಟು ಕಮ್ಮಿ. ಆಂಪ್ ಹರಿಯದಿದ್ದರೆ ದಾರಿಯಲ್ಲಿ ಎಷ್ಟೇ ಕೆಟ್ಟ ಜಾಯಿಂಟ್ ಇದ್ದರೂ ವೋಲ್ಟ್ ಬೀಳುವುದಿಲ್ಲ. ಕಟ್ಟಿಕೊಂಡ ಪೈಪಿನ ನಲ್ಲಿ ಮುಚ್ಚಿದ್ದಾಗ ಒತ್ತಡ ಪೂರ್ತಿ ಇರುತ್ತದೆ, ತಿರುಗಿಸಿದಾಗಲೇ ನೀರು ಸಣ್ಣಗಾಗುವುದು, ಅಲ್ವಾ? ಹಾಗೆ. ಖಾಲಿ ಸಾಕೆಟ್‌ನಲ್ಲಿ ಕಂಡ 224 ನನಗೆ ಏನನ್ನೂ ಹೇಳಿರಲಿಲ್ಲ.

ಎಂಸಿಬಿ ಇಳಿಸಿದ್ದಾಗಲೇ ಗೀಸರಿನ ಟರ್ಮಿನಲ್‌ಗೆ ಮಲ್ಟಿಮೀಟರಿನ ಕ್ರೊಕೊಡೈಲ್ ಕ್ಲಿಪ್ ಕಚ್ಚಿಸಿದೆ. ಕ್ಲಾಂಪ್ ಮೀಟರನ್ನು ಫೇಸ್ ವೈರಿಗೆ ತಬ್ಬಿಸಿದೆ. ಪ್ಲಗ್ ಸಿಕ್ಕಿಸಿ, ಕೈ ದೂರ ತೆಗೆದುಕೊಂಡಮೇಲೆ ಚಿಕ್ಕಪ್ಪನಿಗೆ ಎಂಸಿಬಿ ಎತ್ತಲು ಹೇಳಿದೆ. ತೊಟ್ಟಿಯಲ್ಲಿ ತಣ್ಣೀರು ಇರಬೇಕು, ಇಲ್ಲದಿದ್ದರೆ ಥರ್ಮೋಸ್ಟಾಟ್ ಲೋಡನ್ನೇ ಕೊಡುವುದಿಲ್ಲ.

224 ಇದ್ದದ್ದು 199ಕ್ಕೆ ಕುಸಿಯಿತು. ಆಂಪ್ 7.6.

199ನ್ನು 7.6ರಿಂದ ಭಾಗಿಸಿ: 26.2 ಓಮ್. ಕಾಯಿಲ್ ನಿರ್ದೋಷಿ ಅನ್ನುವುದಕ್ಕೆ ಎರಡನೇ ಸಾಕ್ಷಿ. 199ನ್ನು 7.6ರಿಂದ ಗುಣಿಸಿ: 1512 ವ್ಯಾಟ್. 2000 ಕೊಡಬೇಕಾದ ಗೀಸರ್ ಮುಕ್ಕಾಲು ಪಾಲು ಕೊಡುತ್ತಿದೆ. ವೋಲ್ಟ್ 230ಕ್ಕಿಂತ ಶೇಕಡ 13ರಷ್ಟು ಕಮ್ಮಿಯಾದರೆ ಬಿಸಿ ಶೇಕಡ 25ರಷ್ಟು ಕಮ್ಮಿಯಾಗುತ್ತದೆ, ಯಾಕೆಂದರೆ ವ್ಯಾಟ್ ವೋಲ್ಟಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 25 ಲೀಟರ್ ನೀರನ್ನು 35 ಡಿಗ್ರಿ ಏರಿಸಲು 2000 ವ್ಯಾಟ್‌ಗೆ ಸುಮಾರು 30 ನಿಮಿಷ ಸಾಕು, 1512 ವ್ಯಾಟ್‌ಗೆ 40 ನಿಮಿಷ ಬೇಕು. ಚಿಕ್ಕಮ್ಮನ ಗಡಿಯಾರ ಸುಳ್ಳು ಹೇಳಿರಲಿಲ್ಲ.

ಈಗ ನಿಜವಾದ ಪ್ರಶ್ನೆ. ಕಳೆದುಹೋದ 25 ವೋಲ್ಟ್ ಎಲ್ಲಿ ಹೋಯಿತು? ವೋಲ್ಟ್ ಗಾಳಿಯಲ್ಲಿ ಆವಿಯಾಗುವುದಿಲ್ಲ. 25ನ್ನು 7.6ರಿಂದ ಗುಣಿಸಿದರೆ 190 ವ್ಯಾಟ್. ಅಷ್ಟು ಬಿಸಿ ದಾರಿಯಲ್ಲಿ ಎಲ್ಲೋ ಹೊರಬೀಳುತ್ತಿದೆ. ಬಚ್ಚಲುಮನೆಯ ನೀರಿಗಿಂತ ಇದರ ಚಿಂತೆ ನನಗೆ ಜಾಸ್ತಿಯಾಯಿತು.

ದಾರಿಯನ್ನು ತುಂಡು ಮಾಡಿ ನೋಡುವುದು

ಮನೆಯ ಮೀಟರ್ ಬೋರ್ಡಿನಲ್ಲಿ, ಗೀಸರ್ ಓಡುತ್ತಿರುವಾಗಲೇ ಅಳೆದೆವು: 219. ಲೋಡ್ ಇಲ್ಲದಾಗ ಅಲ್ಲೂ 224. ಅಂದರೆ ಕಂಬದಿಂದ ಬೋರ್ಡಿನವರೆಗೆ ಬಿದ್ದದ್ದು 5 ವೋಲ್ಟ್ ಮಾತ್ರ. ಹಳ್ಳಿ ಮನೆಗೆ ಇದು ತಕರಾರು ಮಾಡುವಂಥದ್ದಲ್ಲ. ಲೈನ್‌ಮನ್‌ಗೆ ಬೈಯುವ ಕಾರ್ಯಕ್ರಮ ರದ್ದಾಯಿತು. ಉಳಿದ 20 ವೋಲ್ಟ್ ಮನೆಯೊಳಗೇ ಬಿದ್ದಿದೆ.

ಕ್ಲಾಂಪ್ ಮೀಟರ್ ಇಲ್ಲದವರಿಗೆ ಇಲ್ಲೊಂದು ಉಪಾಯ. ಎಲೆಕ್ಟ್ರಾನಿಕ್ ಮೀಟರಿನ ಮೇಲೆ ಒಂದು ಕೆಂಪು ದೀಪ ಮಿಣುಕುತ್ತದೆ, ಪಕ್ಕದಲ್ಲಿ ಒಂದು ಯೂನಿಟ್‌ಗೆ ಎಷ್ಟು ಮಿಣುಕು ಅಂತ ಬರೆದಿರುತ್ತದೆ. ಚಿಕ್ಕಪ್ಪನ ಮೀಟರಿನಲ್ಲಿ 3200. ಒಂದು ಯೂನಿಟ್ ಅಂದರೆ 36 ಲಕ್ಷ ಜೂಲ್, ಹಾಗಾಗಿ ಒಂದು ಮಿಣುಕಿಗೆ 1125 ಜೂಲ್. ಬೇರೆಲ್ಲ ಆಫ್ ಮಾಡಿ 20 ಮಿಣುಕು ಎಣಿಸಿದೆವು, ಮೊಬೈಲ್‌ನಲ್ಲಿ 13.5 ಸೆಕೆಂಡ್. 1125ನ್ನು 20ರಿಂದ ಗುಣಿಸಿ 13.5ರಿಂದ ಭಾಗಿಸಿದರೆ 1667 ವ್ಯಾಟ್. ಬೋರ್ಡಿನ 219 ವೋಲ್ಟನ್ನು 7.6 ಆಂಪ್‌ನಿಂದ ಗುಣಿಸಿದರೂ 1664. ಎರಡೂ ತಾಳೆಯಾದವು. ಮೀಟರ್ 1664 ವ್ಯಾಟ್‌ಗೆ ದುಡ್ಡು ಎಣಿಸುತ್ತಿದೆ, ಗೀಸರಿಗೆ 1512 ಮುಟ್ಟುತ್ತಿದೆ. ನಡುವಿನ 152 ವ್ಯಾಟ್ ಗೋಡೆಯೊಳಗೆ.

ಈ 20 ವೋಲ್ಟಿನಲ್ಲಿ ವೈರಿನ ಪಾಲೆಷ್ಟು? ಬೋರ್ಡಿನಿಂದ ಬಚ್ಚಲುಮನೆಗೆ ವೈರ್ ಓಡಿರುವ ದಾರಿ 40 ಮೀಟರ್. ಹೋಗಿ ಬರುವ ಲೆಕ್ಕ ಹಿಡಿದರೆ 80 ಮೀಟರ್. ಹೆಚ್ಚಿನವರು ಈ ಎರಡರ ಗುಣಾಕಾರ ಮರೆಯುತ್ತಾರೆ. ವೈರ್ ನೋಡಿದರೆ 1 ಸ್ಕ್ವೇರ್ ಎಂಎಂ! ಬಲ್ಬಿಗೆ ಹಾಕುವ ವೈರನ್ನು ಗೀಸರಿಗೆ ಎಳೆದಿದ್ದರು. ಆ ದಪ್ಪದ ತಾಮ್ರಕ್ಕೆ ಕಿಲೋಮೀಟರಿಗೆ ಸುಮಾರು 18 ಓಮ್, 80 ಮೀಟರಿಗೆ 1.45 ಓಮ್. 7.6 ಆಂಪ್ ಹರಿದಾಗ 11 ವೋಲ್ಟ್ ಬೀಳುತ್ತದೆ. ಹೊಸ ಬಚ್ಚಲುಮನೆಗೆ ಬಂದ ದಿನದಿಂದಲೇ ನಿಧಾನವಾದದ್ದು ಇದರಿಂದ.

ಆದರೆ 11 ಕಳೆದರೂ ಇನ್ನೂ 9 ವೋಲ್ಟಿಗೆ ಲೆಕ್ಕವಿಲ್ಲ. ಮಳೆಗಾಲದಲ್ಲಿ ಹೊಸದಾಗಿ ಸೇರಿಕೊಂಡದ್ದು ಇದೇ.

ಫೇಸ್ ಕಡೆಯೋ, ನ್ಯೂಟ್ರಲ್ ಕಡೆಯೋ

ಇದನ್ನು ಅರ್ಥಿಂಗ್ ಹೇಳುತ್ತದೆ. ಅರ್ಥ್ ವೈರಿನಲ್ಲಿ ಆಂಪ್ ಹರಿಯುವುದಿಲ್ಲ, ಹಾಗಾಗಿ ಅದರಲ್ಲಿ ವೋಲ್ಟ್ ಬೀಳುವುದಿಲ್ಲ. ಅರ್ಥಿಂಗ್ ಚೆನ್ನಾಗಿದ್ದರೆ ಅದು ಅಳತೆಗೋಲು ಇದ್ದ ಹಾಗೆ. ಗೀಸರ್ ಓಡುವಾಗ ಫೇಸ್‌ನಿಂದ ಅರ್ಥ್‌ಗೆ 216, ನ್ಯೂಟ್ರಲ್‌ನಿಂದ ಅರ್ಥ್‌ಗೆ 17.

ಫೇಸ್ 224ರಿಂದ 216ಕ್ಕೆ ಇಳಿದಿದೆ, ನಷ್ಟ 8. ನ್ಯೂಟ್ರಲ್ ಸೊನ್ನೆಯ ಹತ್ತಿರ ಇರಬೇಕಾದದ್ದು 17ಕ್ಕೆ ಏರಿದೆ. ಒಂದೇ ದಪ್ಪ, ಒಂದೇ ಉದ್ದದ ಎರಡು ವೈರ್‌ಗಳಲ್ಲಿ ನಷ್ಟವೂ ಒಂದೇ ಇರಬೇಕಿತ್ತು. ನ್ಯೂಟ್ರಲ್‌ನಲ್ಲಿ 9 ವೋಲ್ಟ್ ಜಾಸ್ತಿ. ಹುಡುಕುತ್ತಿದ್ದ ಅದೇ 9. ಇಷ್ಟು ಸಿಕ್ಕಿದಮೇಲೆ ಒಂದೊಂದು ಬಾಕ್ಸನ್ನೂ ಬಿಚ್ಚಿ ತಡಕಾಡುವುದು ತಪ್ಪಿತು. ನ್ಯೂಟ್ರಲ್ ಎಲ್ಲೆಲ್ಲಿ ಜಾಯಿಂಟ್ ಆಗಿದೆ ಅನ್ನುವುದಷ್ಟೇ ನೋಡಬೇಕು.

ಮೇನ್ ಇಳಿಸಿ ಹುಡುಕಿದೆವು. ಹಿತ್ತಲ ಸೂರಿನ ಕೆಳಗೆ ಒಂದು ಜಂಕ್ಷನ್ ಬಾಕ್ಸ್, ಮುಚ್ಚಳದ ಒಂದು ಸ್ಕ್ರೂ ಇಲ್ಲ. ಒಳಗೆ ನ್ಯೂಟ್ರಲ್ ವೈರ್‌ಗಳನ್ನು ಬರೀ ತಿರುಚಿ ಟೇಪ್ ಸುತ್ತಿದ್ದರು. ಟೇಪ್ ಕರಗಿ ಅಂಟಾಗಿತ್ತು. ತಾಮ್ರ ಕಪ್ಪಗಾಗಿ ಅಂಚಿನಲ್ಲಿ ಹಸಿರು ಹಿಡಿದಿತ್ತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. "ಇದೇ ವಾಸನೆ ಕಣೋ, ನಾನು ಅಡಿಕೆ ಬೇಯಿಸೋ ಒಲೆದು ಅಂದ್ಕೊಂಡಿದ್ದೆ" ಅಂದರು ಚಿಕ್ಕಪ್ಪ.

ತಮಾಷೆಗೆ ಆ ಜಾಯಿಂಟನ್ನು ಬಿಚ್ಚುವ ಮೊದಲು ಓಮ್ ಮೀಟರಿನಲ್ಲಿ ಅಳೆದೆ. 0.4 ತೋರಿಸಿತು. ಕಡ್ಡಿಯದೇ 0.3 ಇದೆಯಲ್ಲ, ಅಂದರೆ ಜಾಯಿಂಟ್ ಹೆಚ್ಚುಕಮ್ಮಿ ಸರಿ ಅಂದಂತೆ! ತಣ್ಣಗಿದ್ದಾಗ, ಆಂಪ್ ಹರಿಯದಿದ್ದಾಗ ಕೆಟ್ಟ ಜಾಯಿಂಟ್ ಒಳ್ಳೆಯವನ ಹಾಗೆ ನಟಿಸುತ್ತದೆ. ಲೋಡ್ ಇದ್ದಾಗ ಅದೇ ಜಾಯಿಂಟಿನ ತಡೆ 9 ಭಾಗಿಸು 7.6, ಅಂದರೆ 1.2 ಓಮ್. ಅದಕ್ಕೇ ಇಂಥದ್ದನ್ನು ಓಮ್ ಮೀಟರಿನಿಂದ ಹುಡುಕಲು ಹೋಗಬಾರದು, ಲೋಡ್ ಹಾಕಿ ಬಿದ್ದ ವೋಲ್ಟಿನಿಂದ ಹುಡುಕಬೇಕು.

ಯಾವುದು ಅಪಾಯ

ವ್ಯಾಟ್ ಲೆಕ್ಕ ಇಲ್ಲಿ ಮುಖ್ಯ. ವೈರಿನಲ್ಲಿ ಸೋರುತ್ತಿದ್ದದ್ದು 11 ವೋಲ್ಟ್, 84 ವ್ಯಾಟ್. ಜಾಯಿಂಟಿನಲ್ಲಿ 9 ವೋಲ್ಟ್, 68 ವ್ಯಾಟ್. ಅಂಕಿ ನೋಡಿದರೆ ವೈರೇ ದೊಡ್ಡ ಕಳ್ಳ. ಆದರೆ ಆ 84 ವ್ಯಾಟ್ 80 ಮೀಟರ್ ಉದ್ದಕ್ಕೆ ಹರಡಿದೆ, ಮೀಟರಿಗೆ ಒಂದೇ ವ್ಯಾಟ್. ಮುಟ್ಟಿದರೂ ಗೊತ್ತಾಗುವುದಿಲ್ಲ. ಜಾಯಿಂಟಿನ 68 ವ್ಯಾಟ್ ಒಂದಂಗುಲ ಜಾಗದಲ್ಲಿ. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿ 25 ವ್ಯಾಟ್‌ನದು. ಅಂಥ ಎರಡೂವರೆ ಕಡ್ಡಿಗಿಂತ ಜಾಸ್ತಿ ಬಿಸಿಯನ್ನು ಮರದ ಸೂರಿನ ಕೆಳಗೆ ದಿನಾ ಮುಕ್ಕಾಲು ಗಂಟೆ ಇಟ್ಟಿದ್ದೆವು.

ಎಂಸಿಬಿ ಯಾಕೆ ಬೀಳಲಿಲ್ಲ ಅಂತ ಚಿಕ್ಕಪ್ಪ ಕೇಳಿದರು. ಅದು ಆಂಪ್ ಜಾಸ್ತಿಯಾದರೆ ಬೀಳುತ್ತದೆ. ಲೂಸ್ ಜಾಯಿಂಟಿನಿಂದ ಆಂಪ್ ಜಾಸ್ತಿಯಾಗುವುದಿಲ್ಲ, ಕಮ್ಮಿಯಾಗುತ್ತದೆ. 8.7 ಇರಬೇಕಾದದ್ದು 7.6 ಆಗಿತ್ತಲ್ಲ. 16 ಆಂಪ್ ಎಂಸಿಬಿಗೆ ಎಲ್ಲ ಸುಖವಾಗಿಯೇ ಕಂಡಿತ್ತು.

ಮೆಕ್ಯಾನಿಕ್ ಹೇಳಿದ ಸ್ಟೆಬಿಲೈಸರ್ ಹಾಕಿದ್ದರೆ? ಅದು ಗೀಸರಿಗೆ 230 ವೋಲ್ಟ್ ಕೊಟ್ಟೇ ತೀರುತ್ತೇನೆ ಅಂತ ಹಿಂದಿನಿಂದ ಜಾಸ್ತಿ ಆಂಪ್ ಎಳೆಯುತ್ತಿತ್ತು. ಲೆಕ್ಕ ಹಾಕಿದೆ, 10.5 ಆಂಪ್ ಬರುತ್ತದೆ. ಬಿಸಿ ಆಂಪಿನ ವರ್ಗದಂತೆ ಏರುವುದರಿಂದ ಜಾಯಿಂಟಿನಲ್ಲಿ 68 ಇದ್ದದ್ದು 130 ವ್ಯಾಟ್ ದಾಟುತ್ತಿತ್ತು. ನೀರು ಬೇಗ ಕಾಯುತ್ತಿತ್ತು, ಸೂರೂ ಕಾಯುತ್ತಿತ್ತು. ಇದೇ ವರ್ಗದ ಲೆಕ್ಕಕ್ಕೆ ಹೆದರಿಯೇ ಪಕ್ಕದ ಶರಾವತಿ ವಿದ್ಯುದಾಗಾರದಿಂದ ಕರೆಂಟನ್ನು 220 ಕಿಲೋವೋಲ್ಟ್‌ಗೆ ಏರಿಸಿ ಕಳಿಸುವುದು. ವೋಲ್ಟ್ ಏರಿದಷ್ಟೂ ಅದೇ ವ್ಯಾಟ್‌ಗೆ ಆಂಪ್ ಕಮ್ಮಿ ಸಾಕು, ದಾರಿಯ ನಷ್ಟ ಇನ್ನೂ ಕಮ್ಮಿ.

ಎಲೆಕ್ಟ್ರಿಷಿಯನ್ ಕರೆಸಿ ಅವತ್ತೇ ಸುಟ್ಟ ತುದಿ ಕತ್ತರಿಸಿ ಸ್ಕ್ರೂ ಕನೆಕ್ಟರ್ ಹಾಕಿಸಿದೆವು. ಗೀಸರಿನಲ್ಲಿ 208 ವೋಲ್ಟ್, 7.9 ಆಂಪ್, 1643 ವ್ಯಾಟ್. ವಾರದ ಮೇಲೆ ಪೂರ್ತಿ 4 ಸ್ಕ್ವೇರ್ ಎಂಎಂ ವೈರ್ ಎಳೆಸಿದರು, ನಡುವೆ ಒಂದೂ ಜಾಯಿಂಟ್ ಇಲ್ಲದೆ. 216 ವೋಲ್ಟ್, 8.2 ಆಂಪ್, 1771 ವ್ಯಾಟ್. ನ್ಯೂಟ್ರಲ್‌ನಿಂದ ಅರ್ಥ್‌ಗೆ 4 ವೋಲ್ಟ್. ನೀರಿಗೆ 34 ನಿಮಿಷ. ಚಿಕ್ಕಮ್ಮ ಹಂಡೆಯ ಮಾತು ಬಿಟ್ಟಿಲ್ಲ, ಆದರೆ ಈಗ ಅದರಲ್ಲಿ ಸ್ನಾನ ಮಾಡಿದರೆ ಬರುವ ಹೊಗೆವಾಸನೆಯ ಸುಖದ ಬಗ್ಗೆ ಹೇಳುತ್ತಾರೆ.

ನಿಮ್ಮ ಮೀಟರ್ ಬೇರೆ ಏನಾದರೂ ತೋರಿಸಿದರೆ

ಲೋಡ್ ಇಲ್ಲದಾಗಲೂ ಬೋರ್ಡಿನಲ್ಲೇ 195, 200 ಇದ್ದರೆ ತಪ್ಪು ನಿಮ್ಮ ಮನೆಯದಲ್ಲ, ಲೈನಿನದು. ಸಂಜೆ, ಬೆಳಿಗ್ಗೆ, ಮಧ್ಯಾಹ್ನದ ಅಂಕಿ ಬರೆದಿಟ್ಟು ದೂರು ಕೊಡಿ. "ವೋಲ್ಟೇಜ್ ಇಲ್ಲ" ಅನ್ನುವುದಕ್ಕಿಂತ ಸಮಯದ ಜೊತೆ ಅಂಕಿ ಕೊಟ್ಟರೆ ಮಾತು ಮುಂದುವರಿಯುತ್ತದೆ. ಬೋರ್ಡಿನಲ್ಲಿ ಲೋಡ್ ಇಲ್ಲದಾಗ ಸರಿ ಇದ್ದು, ಹಾಕಿದ ತಕ್ಷಣ 20, 30 ವೋಲ್ಟ್ ಬಿದ್ದರೆ ಕಂಬದ ಕಡೆಯ ಜಾಯಿಂಟ್ ಅಥವಾ ಸರ್ವಿಸ್ ವೈರ್ ಕೆಟ್ಟಿದೆ. ಅದಕ್ಕೆ ಲೈನ್‌ಮನ್ನೇ ಬರಬೇಕು.

ವೋಲ್ಟ್ ಸರಿ ಇದೆ, ಆಂಪ್ ಸೊನ್ನೆ: ಥರ್ಮೋಸ್ಟಾಟ್, ಅತಿ ಬಿಸಿಯಾದರೆ ಕಡಿತ ಮಾಡುವ ಥರ್ಮಲ್ ಕಟೌಟ್, ಕಾಯಿಲ್ ಈ ಮೂರರಲ್ಲಿ ಒಂದು ತುಂಡಾಗಿದೆ. ವೋಲ್ಟ್, ಆಂಪ್ ಎರಡೂ ಸರಿ ಇದ್ದೂ ನೀರು ಕಾಯದಿದ್ದರೆ ವಿದ್ಯುತ್ ಲೆಕ್ಕ ಅಲ್ಲಿಗೆ ಮುಗಿಯಿತು. ಥರ್ಮೋಸ್ಟಾಟ್ ಬೇಗ ಕಡಿತ ಮಾಡುತ್ತಿದೆಯೇ, ಬಿಸಿನೀರಿಗೆ ತಣ್ಣೀರು ಬೆರೆಯುತ್ತಿದೆಯೇ ನೋಡಿ.

ಈ ಭಾಗಾಕಾರ ಗುಣಾಕಾರವನ್ನು ಕಾಯಿಲ್ ಇರುವ ಸಾಮಾನಿಗೆ ಮಾತ್ರ ನಂಬಿ. ಹಳೇ 60 ವ್ಯಾಟ್ ಬಲ್ಬನ್ನು ತಣ್ಣಗಿದ್ದಾಗ ಅಳೆದರೆ ಲೆಕ್ಕದ 882 ಓಮ್‌ನ ಹತ್ತನೇ ಒಂದು ಪಾಲೂ ಇರುವುದಿಲ್ಲ, ಉರಿಯುವಾಗ ಮಾತ್ರ ಅಷ್ಟಾಗುತ್ತದೆ. ಪಂಪ್ ಮೋಟರಿನಲ್ಲಿ ವೋಲ್ಟನ್ನು ಆಂಪ್‌ನಿಂದ ಗುಣಿಸಿದರೆ ನಿಜವಾದ ವ್ಯಾಟ್‌ಗಿಂತ ಜಾಸ್ತಿ ಬರುತ್ತದೆ, ಅಲ್ಲಿ ವೋಲ್ಟ್, ಆಂಪ್ ಒಟ್ಟೊಟ್ಟಿಗೆ ಏರಿಳಿಯದೆ ಇರುವುದರಿಂದ (ಈ ಕಡಿತದ ಲೆಕ್ಕವೇ ಪವರ್ ಫ್ಯಾಕ್ಟರ್). ಜೊತೆಗೆ, ಹೊರೆ ಹೊತ್ತ ಮೋಟರ್ ವೋಲ್ಟ್ ಬಿದ್ದಾಗ ಗೀಸರಿನ ಹಾಗೆ ಆಂಪ್ ಇಳಿಸಿಕೊಂಡು ಸುಮ್ಮನಿರುವುದಿಲ್ಲ, ಏರಿಸಿಕೊಂಡು ವೈಂಡಿಂಗ್ ಸುಟ್ಟುಕೊಳ್ಳುತ್ತದೆ.

ಕೊನೆಯದೊಂದು. ಗೀಸರ್ ಹಾಕಿದಾಗ ಒಂದು ಕೋಣೆಯ ದೀಪ ಮಂಕಾಗಿ ಇನ್ನೊಂದು ಕೋಣೆಯ ದೀಪ ಫಳ್ಳನೆ ಜಾಸ್ತಿ ಉರಿದರೆ ಅಳೆಯಲು ನಿಲ್ಲಬೇಡಿ. ಅದು ಮೂರು ಫೇಸಿನ ಮನೆಯಲ್ಲಿ ನ್ಯೂಟ್ರಲ್ ಕಳಚಿದ ಲಕ್ಷಣ. ಒಂದು ಫೇಸಿನ ಸಾಮಾನಿಗೆ 300, 350 ವೋಲ್ಟ್ ಕೂಡ ಹೊಡೆಯಬಹುದು. ಮೇನ್ ಇಳಿಸಿ, ಟಿವಿ, ಫ್ರಿಜ್‌ನ ಪ್ಲಗ್ ಕಿತ್ತು, ಲೈನ್‌ಮನ್‌ಗೆ ಫೋನ್ ಮಾಡಿ.